ತಲೆಗೆ ನೀರು

“ತಲೆಗೆ… ನೀರು…”

ಅಂಜಮ್ಮ ಮತ್ತೆ ಅದನ್ನೇ ಹೇಳಿದರು. ಬೆಳಗಿನಿಂದ ಇದು ಆರನೆಯ ಸಲ. ಎಡಕ್ಕೆ ಎಳೆದುಕೊಂಡ ಬಾಯಿಯಿಂದ ಆ ಎರಡು ಮಾತು ಹೊರಗೆ ಬರಬೇಕಾದರೆ ಆ ಜೀವ ಪಡುತ್ತಿದ್ದ ಪಾಡು ನೋಡಲಾಗುತ್ತಿರಲಿಲ್ಲ. ಕತ್ತಿನ ನರ ಉಬ್ಬುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು. ಗಂಜಿಯ ಬಟ್ಟಲು ಹಿಡಿದು ಕೂತಿದ್ದ ಸೊಸೆ ಹೇಮಶ್ರೀಗೆ ಸಂಕಟವಾಯಿತು, ಸಿಟ್ಟೂ ಬಂತು. ನಿನ್ನೆ ತಾನೇ ತಲೆಗೆ ನೀರು ಹಾಕಿದ್ದಳು. ಅದಕ್ಕೆ ಮೂರು ದಿನ ಮುಂಚೆ ಒಂದು ಸಲ, ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಇನ್ನೊಂದು ಸಲ. ಇನ್ನು ಎಷ್ಟು ಸಲ ಹಾಕಬೇಕು ಈ ತಾಯಿಗೆ?

ಲಕ್ವ ಹೊಡೆದು ಹತ್ತೊಂಬತ್ತು ದಿನವಾಗಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಚಾಮರಾಜಪೇಟೆಯ ಆ ಬೀದಿಯಲ್ಲೆಲ್ಲ ಹೆಸರಾಗಿದ್ದ ಅಂಜಮ್ಮನ ನಾಲಿಗೆಯಲ್ಲಿ ಈಗ ಉಳಿದದ್ದು ಎರಡೇ ಮಾತು. ಎಂಥ ನಾಲಿಗೆ ಅದು! ಮದುವೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಹೇಮಶ್ರೀ ಅದರಿಂದ ಒಂದು ಒಳ್ಳೆಯ ಮಾತು ಕೇಳಿರಲಿಲ್ಲ. ಸಾರು ಮಾಡಿದರೆ ಕಲಗಚ್ಚು, ಬಟ್ಟೆ ಒಗೆದರೆ ಕೊಳೆ ಹಾಗೇ ಇದೆ. ನಾಲ್ಕು ತಿಂಗಳ ಬಸಿರು ಇಳಿದುಹೋಗಿ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದ ದಿನ ಕೂಡ ಅಂಜಮ್ಮ ಬಾಗಿಲಲ್ಲಿ ನಿಂತು, “ಒಂದು ಕೆಲಸನಾದ್ರೂ ನೆಟ್ಟಗೆ ಮಾಡೋಕೆ ಬರಲ್ವಲ್ಲ ಇವಳಿಗೆ” ಅಂದಿದ್ದರು. ಆಮೇಲೆ ಮತ್ತೆ ಬಸಿರು ನಿಲ್ಲಲಿಲ್ಲ, ಆ ಮಾತೂ ಎದೆಯಿಂದ ಹೋಗಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆದರೆ ತನ್ನ ಕಾಲ ಬಂತು ಅಂತ ಹಿಗ್ಗುವ ಹೆಣ್ಣಲ್ಲ ಹೇಮಶ್ರೀ. ಶಾಲೆಗೆ ರಜೆ ಹಾಕಿ, ಮಲ ಮೂತ್ರ ಬಾಚಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತ ಕೂತಿದ್ದಳು.

ಇನ್ನು ತಲೆಗೆ ನೀರು ಹಾಕು ಅಂದರೆ ನಮ್ಮ ಕಡೆ ಬೇರೆ ಏನು ಅರ್ಥವಿದೆ ಹೇಳಿ? ಹಬ್ಬಕ್ಕೆ ತಲೆಗೆ ನೀರು, ಹೆತ್ತವಳಿಗೆ ತಲೆಗೆ ನೀರು, ಜ್ವರ ಬಿಟ್ಟವರಿಗೆ ತಲೆಗೆ ನೀರು. ಹೇಮಶ್ರೀಯೂ ಹಾಗೇ ತಿಳಿದಳು. ಮೊದಲ ಸಲ ಗಂಡ ರವಿಕುಮಾರ ತಾಯಿಯನ್ನು ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ. ಹದವಾದ ಬಿಸಿನೀರು, ಹರಳೆಣ್ಣೆ, ಸೀಗೆಪುಡಿ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮೊದಲ ಚೊಂಬು ಸುರಿಯುವಾಗ ಅಂಜಮ್ಮ ಕತ್ತೆತ್ತಿ ಸೊಸೆಯ ತುಟಿಯನ್ನೇ ನೋಡಿದರು. ಅವಳು ಏನೋ ಹೇಳುತ್ತಾಳೆ, ಹೇಳಲೇಬೇಕು ಅನ್ನುವ ಹಾಗೆ ಕಾದರು. ಹೇಮಶ್ರೀ ಏನೂ ಹೇಳಲಿಲ್ಲ. ಎರಡನೆಯ ಚೊಂಬಿಗೂ ಕಾದರು, ಮೂರನೆಯದಕ್ಕೂ ಕಾದರು… ಆಮೇಲೆ ಬಿಕ್ಕಿ ಬಿಕ್ಕಿ ಅತ್ತರು. ಮೂರು ಸಲದ ಸ್ನಾನದಲ್ಲೂ ಅದೇ ಕಥೆ.

ಮೂರನೆಯದು ಮುಗಿದ ಮಾರನೆಯ ಮಧ್ಯಾಹ್ನ ಅಂಜಮ್ಮನಿಗೆ ಮೈ ಕಾದ ಕಾವಲಿಯಾಯಿತು. ಎದೆಯಲ್ಲಿ ಗೊರಗೊರ ಸದ್ದು. ಮನೆಗೆ ಬಂದ ಡಾಕ್ಟರು ಎದೆಯ ಮೇಲಿಂದ ಸ್ಟೆತಾಸ್ಕೋಪು ಎತ್ತಿ, “ಕಫ ಕಟ್ಟಿದೆ. ಈ ಸ್ಥಿತೀಲಿ ತಲೆಸ್ನಾನ ಮಾಡಿಸು ಅಂತ ಯಾರ್ರೀ ಹೇಳಿದ್ದು?” ಅಂದರು. ಮನೆಯವರೆಲ್ಲ ಹೇಮಶ್ರೀಯ ಕಡೆ ನೋಡಿದರು. ಆಸ್ಪತ್ರೆಗೆ ಸೇರಿಸೋಣವೇ ಅಂತ ರವಿ ಕೇಳಿದ್ದಕ್ಕೆ ಡಾಕ್ಟರು ಅವನನ್ನು ಹೊರಗೆ ಕರೆದುಕೊಂಡು ಹೋಗಿ, ಹೃದಯವೂ ಸೋತಿದೆ, ಎರಡು ಮೂರು ದಿನದ ಮಾತು, ಮನೆಯಲ್ಲೇ ನೆಮ್ಮದಿಯಾಗಿ ನೋಡಿಕೊಳ್ಳಿ ಅಂದರು. ಪ್ರೀತಿಯಿಲ್ಲದೆ ಮಾಡಿದ ಸೇವೆ, ಅದೂ ಈಗ ಕೊಲೆಯ ಹಾಗಾಯಿತಲ್ಲ ಅಂತ ಹೇಮಶ್ರೀ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಆ ಸಂಜೆ ಮಾವಳ್ಳಿಯಿಂದ ಅಂಬುಜಮ್ಮ ಬಂದರು. ರವಿಕೆ ಹೊಲಿಯುವ ಹೆಂಗಸು, ಅಂಜಮ್ಮನಿಗೆ ಲಾಲ್‌ಬಾಗಿನ ವಾಕಿಂಗಿನಲ್ಲಿ ಪರಿಚಯವಾದವರು ಅಂತ ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ನಾಲ್ಕು ಮೂಸಂಬಿ ಹಾಸಿಗೆಯ ಪಕ್ಕ ಇಟ್ಟು ಗೆಳತಿಯ ಕೈ ಹಿಡಿದರು. “ತಲೆಗೆ… ನೀರು…” ಅಂತು ಆ ಬಾಯಿ. ಅಂಬುಜಮ್ಮನ ಮುಖ ಬಿಳಿಚಿಕೊಂಡಿತು.

“ಯಾವಾಗಿಂದ ಹೀಗೆ ಕೇಳ್ತಿದಾರಮ್ಮ?”

“ಆಸ್ಪತ್ರೆಯಿಂದ ಬಂದಾಗಿಂದ. ಹಾಕ್ದೆ, ಮೂರು ಸಲ ಹಾಕ್ದೆ. ಅದಕ್ಕೇ ಈಗ ಈ ಗತಿ ಬಂದಿದೆ.”

“ಅಯ್ಯೋ, ಅವರು ಸ್ನಾನ ಕೇಳ್ತಿಲ್ಲ ಕಣಮ್ಮ…” ಅಂಬುಜಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ದೀಕ್ಷಾಸ್ನಾನ ಕೇಳ್ತಿದಾರೆ.”

ಆಮೇಲೆ ಎಲ್ಲ ಹೊರಗೆ ಬಂತು. ಏಳು ವರ್ಷದಿಂದ ಭಾನುವಾರದ ವಾಕಿಂಗ್ ಅಂದರೆ ಲಾಲ್‌ಬಾಗ್ ಅಲ್ಲ, ಅದರ ಹಿಂದಿನ ರಸ್ತೆಯ ಮಹಡಿಯ ಮೇಲಿನ ಸಣ್ಣ ಸಭೆ. ಅಂಜಮ್ಮ ಹಿಂದಿನ ಸಾಲಿನಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದರು, ಯೇಸುವನ್ನು ನಂಬಿದ್ದರು. ವರ್ಷಕ್ಕೊಮ್ಮೆ ತೊಟ್ಟಿಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುವಾಗ ಮಾತ್ರ ಹಿಂದೆ ಸರಿದು ನಿಲ್ಲುತ್ತಿದ್ದರು. ‘ಮಗಳಿಗೊಂದು ಕೆಲಸ ಆಗ್ಲಿ, ಮಾರನೇ ದಿನವೇ ಮುಳುಗ್ತೀನಿ’ ಅನ್ನುತ್ತಿದ್ದರಂತೆ. ಮುಳುಗಲಾಗದ ರೋಗಿಗಳಿಗೆ ತಲೆಯ ಮೇಲೆ ಮೂರು ಸಲ ನೀರು ಹಾಕಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿದರೆ ಸಾಕು ಅಂತ ಅಲ್ಲಿ ಒಂದು ರೂಢಿ.

“ಅದಿಲ್ದೆ ಸತ್ತರೆ ರಕ್ಷಣೆ ಇಲ್ಲ ಅಂತ ಅವರಿಗೆ ಭಯ” ಅಂದರು ಅಂಬುಜಮ್ಮ. “ನರಕಕ್ಕೆ ಹೋಗ್ತೀನಿ ಅಂತ ಭಯ ಬಿದ್ದಿದಾರಮ್ಮ ಅವರು.”

ಹೇಮಶ್ರೀ ಅತ್ತೆಯ ಕಡೆ ತಿರುಗಿದಳು. ಕೊನೆಗೂ ಒಬ್ಬರಿಗೆ ಅರ್ಥವಾಯಿತಲ್ಲ ಅಂತ ಅಂಜಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಇಷ್ಟು ದಿನ! ಒಂದು ಅಂಗೈ ನೀರಿಗೆ ಅವರು ಗೋಗರೆದಿದ್ದರು. ತಾನು ಕೊಡಪಾನಗಟ್ಟಲೆ ಸುರಿದು ಅವರ ಎದೆಗೆ ಕಫ ತುಂಬಿದ್ದಳು.

ಹಜಾರದಲ್ಲಿ ಮಾವ ದೇವಯ್ಯ, ರವಿ, ನಾದಿನಿ ಬಿಂದುಶ್ರೀ ಮೂವರೂ ಇದ್ದರು. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ಅಂಬುಜಮ್ಮ ಹೊರಟುಹೋದ ಮೇಲೆ ಹೇಮಶ್ರೀ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿ, “ಆ ಪಾಸ್ಟರನ್ನ ಕರೆಸೋಣ” ಅಂದಳು.

“ತಲೆ ಕೆಟ್ಟಿದ್ಯಾ ನಿನಗೆ?” ರವಿ ಎದ್ದು ನಿಂತ. “ಶುಕ್ರವಾರ ವಿಚಾರಣೆಗೆ ಬರ್ತಿದಾರೆ. ನೆನಪಿದೆ ತಾನೇ?”

ನೆನಪಿಲ್ಲದೆ ಏನು? ಆ ಮನೆಯಲ್ಲಿ ನಾಲ್ಕು ತಿಂಗಳಿಂದ ಅದೊಂದೇ ಮಾತು. ಇಪ್ಪತ್ತೊಂಬತ್ತು ವರ್ಷದ ಬಿಂದುಶ್ರೀ ನಾಲ್ಕನೆಯ ಪ್ರಯತ್ನದಲ್ಲಿ ಪರೀಕ್ಷೆ ಗೆದ್ದು ಸರ್ಕಾರಿ ಇಂಜಿನಿಯರ್ ಕೆಲಸಕ್ಕೆ ಆಯ್ಕೆಯಾಗಿದ್ದಳು. ಉಳಿದದ್ದು ಸಿಂಧುತ್ವ ಪ್ರಮಾಣಪತ್ರ. ಅಂದರೆ, ನೀವು ಬರೆದುಕೊಂಡ ಜಾತಿ ನಿಜವೇ ಅಂತ ಅಧಿಕಾರಿ ಮನೆಗೇ ಬಂದು, ಅಕ್ಕಪಕ್ಕದವರನ್ನೂ ಕೇಳಿ, ಹೌದು ಅಂತ ಬರೆದುಕೊಡುವ ಕಾಗದ. ಪರಿಶಿಷ್ಟ ಜಾತಿಯವರು ಬುದ್ಧನಿಗೆ ಕೈ ಮುಗಿದರೆ ಕಾನೂನಿಗೆ ತಕರಾರಿಲ್ಲ. ಯೇಸುವಿನ ಹೆಸರಲ್ಲಿ ಮುಳುಗಿದರೆ ಆ ಜಾತಿಯ ಲೆಕ್ಕದಿಂದಲೇ ಹೊರಗೆ.

“ಮುಳುಗೋದು ಅತ್ತೆ ತಾನೇ? ಬಿಂದು ಅಲ್ವಲ್ಲ?”

“ಅದನ್ನ ಆಫೀಸಲ್ಲಿ ಕೂತು ಯಾರು ಬಿಡಿಸಿ ನೋಡ್ತಾರೆ? ಮನೆಗೆ ಪಾಸ್ಟರ್ ಬಂದಿದ್ರು, ಪ್ರಾರ್ಥನೆ ಆಯ್ತು ಅಂತ ಪಕ್ಕದ ಬೈಂಡಿಂಗ್ ಶಾಪಿನವನು ಒಂದು ಮಾತು ಅಂದ್ರೆ ಮುಗೀತು. ಫೈಲು ವರ್ಷಗಟ್ಟಲೆ ಕೊಳೆಯುತ್ತೆ. ಅಷ್ಟರಲ್ಲಿ ಇವಳ ಜಾಗಕ್ಕೆ ಇನ್ನೊಬ್ರು ಬಂದಿರ್ತಾರೆ.” ರವಿಯ ದನಿ ಒಡೆಯಿತು. “ನನಗೆ ಅಮ್ಮ ಬೇಡ್ವಾ ಹೇಮಾ? ಅಮ್ಮನಿಗೆ ಬೇಕಾದ್ದು ಕೊಟ್ರೆ ತಂಗಿ ಬಾಯಿಗೆ ಮಣ್ಣು. ನಾನೇನ್ ಮಾಡ್ಲಿ?”

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಬಿಂದುಶ್ರೀ ತುಟಿ ಕಚ್ಚಿ ತಲೆ ತಗ್ಗಿಸಿದಳು. ತನಗೋಸ್ಕರ ಅಮ್ಮ ಏಳು ವರ್ಷ ತೊಟ್ಟಿಯ ಅಂಚಿನಿಂದ ಹಿಂದೆ ಸರಿದದ್ದು ಅವಳಿಗೆ ಈಗಷ್ಟೇ ಗೊತ್ತಾಗಿತ್ತು. ದೇವಯ್ಯ ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತಾರು ವರ್ಷ ಅಚ್ಚಿನ ಮೊಳೆ ಜೋಡಿಸಿದ ಮನುಷ್ಯ, ಪ್ರತಿ ಮಾತನ್ನೂ ತೂಗಿಯೇ ಆಡುವವರು.

“ದೀಕ್ಷೆ ಅಂದ್ರೇನು ಅಂತ ನನಗೂ ಗೊತ್ತು ಕಣಮ್ಮ. ಬುದ್ಧನ ದೀಕ್ಷೆ ನಾನೂ ತಗೊಂಡವನೇ. ಬೇಡ ಅನ್ನೋಕೆ ನಾನ್ಯಾರು?” ಅಂದರು. “ಆದ್ರೆ ನಲವತ್ತೆರಡು ವರ್ಷ ಒಂದೇ ತಟ್ಟೇಲಿ ಉಂಡಿದೀವಿ. ನನಗೊಂದು ಮಾತು ಹೇಳ್ಲಿಲ್ವಲ್ಲ ಅವಳು…” ಎದ್ದು ಹೋಗಿ ಬೀದಿಯ ಕಡೆಗಿನ ಕಿಟಕಿಯ ಹತ್ತಿರ ನಿಂತುಬಿಟ್ಟರು. ಅಲ್ಲಿಗೆ ಮಾತು ಮುಗಿಯಿತು.

ಮಾರನೆಯ ಬೆಳಗ್ಗೆ ಹೇಮಶ್ರೀ ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿ ಹತ್ತಿ, ಅಂಬುಜಮ್ಮ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದಳು. ಪಾಸ್ಟರ ಹೆಸರು ಚಿದಂಬರ. ನಂಬಿಕೆ ಬದಲಾದರೂ ಅಪ್ಪ ಇಟ್ಟ ಹೆಸರನ್ನು ಬದಲಾಯಿಸದ ಮನುಷ್ಯ.

“ನೀರು ಹಾಕ್ದೇ ಇದ್ರೆ ನಮ್ಮತ್ತೆಗೆ ನಿಜವಾಗ್ಲೂ ರಕ್ಷಣೆ ಇಲ್ವಾ ಸಾರ್?”

“ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಯಾರೂ ದೀಕ್ಷಾಸ್ನಾನ ಕೊಡಲಿಲ್ಲಮ್ಮ. ಆದ್ರೂ ಅವನಿಗೆ ಪರದೈಸು, ಅಂದ್ರೆ ಸ್ವರ್ಗ, ಸಿಕ್ಕಿತು. ದೇವರ ಕೈಯನ್ನ ನೀರು ಕಟ್ಟಿ ಹಾಕಲ್ಲ.”

“ಹಾಗಂತ ನೀವು ಅತ್ತೆಗೆ ಹೇಳಿದ್ರಾ?”

“ಇಲ್ಲ.” ಅವರ ದನಿ ಕುಗ್ಗಿತು. “ಜನ ಮುಂದಕ್ಕೆ ಹಾಕ್ತಾನೇ ಇರ್ತಾರಮ್ಮ. ಇವತ್ತು ನಾಳೆ ಅಂತಾರೆ. ಅದಕ್ಕೆ ನಾನು ಪ್ರತಿ ವರ್ಷ ಗಟ್ಟಿಯಾಗಿ ಹೇಳ್ತಿದ್ದೆ, ನಂಬಿದ್ರೆ ಸಾಲದು, ನೀರಿಗಿಳೀಬೇಕು, ಇಳೀದೆ ಸತ್ತವರ ಗತಿ ನನಗೆ ಗೊತ್ತಿಲ್ಲ ಅಂತ. ಭಯಕ್ಕಾದ್ರೂ ಬರ್ಲಿ ಅಂತ.”

“ನಾನೇ ಹಾಕಿದ್ರೆ ಆಗಲ್ವಾ? ನೀವು ಇಲ್ಲಿಗೆ ಬರೋ ಹಾಗಿಲ್ಲ.”

“ನೀವು ನಂಬ್ತೀರಾ ಅಮ್ಮ?”

ಸುಳ್ಳು ಹೇಳಲು ಹೇಮಶ್ರೀಗೆ ಬರಲಿಲ್ಲ. “ಇಲ್ಲ.”

“ಗಂಡಾಂತರದಲ್ಲಿ ಯಾರು ಬೇಕಾದ್ರೂ ಕೊಡಬಹುದು ಅಂತ ಕೆಲವು ಸಭೆಯವರು ಅಂತಾರೆ. ನಮ್ಮಲ್ಲಿ ಒಪ್ಪಲ್ಲ.”

ಹೇಮಶ್ರೀ ಕೆಳಗೋಡಿ ಬಂದು ಫೋನನ್ನು ಅತ್ತೆಯ ಕಿವಿಗಿಟ್ಟಳು. ಚಿದಂಬರ ಅದೇ ಮಾತುಗಳನ್ನು ಹೇಳಿದರು. ಹೆದರಬೇಡಿ, ನಿಮ್ಮ ಮನಸ್ಸು ಆತನಿಗೆ ಗೊತ್ತು, ನೀರಿಲ್ಲದಿದ್ದರೂ ಆತ ಕೈಬಿಡುವುದಿಲ್ಲ… ಅಂಜಮ್ಮ ಕೇಳಿದರು. ಕೇಳಿ, ಅಡ್ಡಡ್ಡ ತಲೆಯಾಡಿಸಿದರು. ಏಳು ವರ್ಷ ವೇದಿಕೆಯ ಮೇಲೆ ನಿಂತು ಹೇಳಿದ ಪಾಸ್ಟರನ್ನು ಅವರು ನಂಬಿದ್ದರು. ಫೋನಿನಲ್ಲಿ ಸಮಾಧಾನ ಮಾಡುತ್ತಿರುವ ಈ ಪಾಸ್ಟರನ್ನು ನಂಬಲಿಲ್ಲ. ಸಾಯುವವರಿಗೆ ಎಲ್ಲರೂ ಹೀಗೇ ಹೇಳುತ್ತಾರೆ ಅಂತ ಅವರಿಗೆ ಗೊತ್ತಿಲ್ಲವೇ?

“ತಲೆಗೆ… ನೀರು…”

ಆ ಕಡೆ ಪಾಸ್ಟರು ಅಳುತ್ತಿದ್ದದ್ದು ಹೇಮಶ್ರೀಗೆ ಕೇಳಿಸಿತು. ಅವಳು ಫೋನ್ ಕಟ್ ಮಾಡಿದಳು.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ವಿಚಾರಣೆಯ ಅಧಿಕಾರಿ ನರಸಿಂಹಯ್ಯ ಬಂದರು. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತರು. ಅಂಜಮ್ಮನ ಉಸಿರು ಆಗಲೇ ಮೇಲುಸಿರಾಗಿತ್ತು. ಇನ್ನೊಂದು ದಿನ ಬನ್ನಿ ಅನ್ನಲು ರವಿಗೆ ಧೈರ್ಯ ಬರಲಿಲ್ಲ. ಅವನು ಕಾಫಿ ತಂದಿಟ್ಟು ಕೈಕಟ್ಟಿ ನಿಂತ. ಅಧಿಕಾರಿ ಊರು, ಬಂಧುಬಳಗ, ಮನೆದೇವರು ಎಲ್ಲ ಕೇಳಿದರು.

“ಬೌದ್ಧ ಧರ್ಮ ಬಿಟ್ರೆ, ಮನೇಲಿ ಯಾರಾದ್ರೂ ಬೇರೆ ಧರ್ಮಕ್ಕೆ ಸೇರಿದಾರಾ?”

“ಇಲ್ಲ ಸಾರ್” ಅಂದ ರವಿ.

ಒಳಗಿನಿಂದ ದನಿ ಬಂತು. “ತಲೆಗೆ… ನೀರು…”

ಅಧಿಕಾರಿ ಪೆನ್ನು ನಿಲ್ಲಿಸಿ, “ಏನು ಕೇಳ್ತಿದಾರೆ ಅವರು?” ಅಂದರು.

“ಸ್ನಾನ ಸಾರ್” ಅಂದರು ದೇವಯ್ಯ. ಜೀವಮಾನದಲ್ಲಿ ಆಡಿದ ಒಂದು ಅರ್ಧ ಸುಳ್ಳು.

“ಪಾಪ. ಹೋಗಮ್ಮ, ನಿಮ್ಮ ತಾಯಿಗೆ ಏನು ಬೇಕೋ ನೋಡು. ನಾನು ಬರ್ಕೋತಿರ್ತೀನಿ” ಅಂದರು ಅವರು ಬಿಂದುಶ್ರೀಗೆ.

ಬಿಂದುಶ್ರೀ ಅತ್ತಿಗೆ ಕೂತಿದ್ದ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಅವಳ ಮುಖ ನೋಡಿದರೆ ಒಂದು ವಾರ ನಿದ್ದೆ ಮಾಡದವಳ ಹಾಗಿತ್ತು. “ಅತ್ತಿಗೆ, ಹಾಕಿಬಿಡಿ. ನಾನು ಹೇಳ್ತಿದೀನಿ. ಕೆಲಸ ಹೋದ್ರೆ ಹೋಗ್ಲಿ.”

“ನನ್ನ ಕೈ ನಡೆಯಲ್ವಂತೆ ಬಿಂದು.”

“ಯಾರ ಕೈ ನಡೆಯುತ್ತೆ ಮತ್ತೆ? ಅಮ್ಮ ಹೋಗ್ತಿದಾಳೆ ಅತ್ತಿಗೆ… ಹೇಳೋ ಮಾತು ಗೊತ್ತಲ್ಲ ನಿಮಗೆ. ಹಾಕಿ.”

ಹೇಮಶ್ರೀ ಲೋಟ ಎತ್ತಿಕೊಂಡಳು. ಅಂಜಮ್ಮ ಅದನ್ನು ನೋಡಿದರು. ಆ ಕಣ್ಣಲ್ಲಿ ಬಂದ ಬೆಳಕನ್ನು ಹೇಮಶ್ರೀ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕಂಡಿರಲಿಲ್ಲ. ಈ ಹೆಂಗಸು ತನ್ನನ್ನು ಬೈದದ್ದು, ಬಸಿರು ಇಳಿದ ದಿನ ಆಡಿದ್ದು, ಎಲ್ಲವೂ ಇತ್ತು. ಆದರೂ ಆ ಗಳಿಗೆಯಲ್ಲಿ ಅವರು ಅವಳ ಕೈಯಲ್ಲಿ ಒಂದು ಮಗುವೇ ಆಗಿಬಿಟ್ಟಿದ್ದರು. ಹೇಮಶ್ರೀ ಅವರ ಹಣೆಯ ಕೂದಲು ಸರಿಸಿದಳು. “ತಂದೆಯ…” ಅಂತ ಪಿಸುಗುಟ್ಟಿದಳು.

ಅಷ್ಟರಲ್ಲಿ ಹಜಾರದಿಂದ ಅಧಿಕಾರಿ ಬರೆದದ್ದನ್ನು ಗಟ್ಟಿಯಾಗಿ ಓದತೊಡಗಿದರು. “ಅಭ್ಯರ್ಥಿ ಬಿಂದುಶ್ರೀ. ತಂದೆ ದೇವಯ್ಯ. ತಾಯಿ ಅಂಜಮ್ಮ. ಬೌದ್ಧ ಧರ್ಮ ಹೊರತುಪಡಿಸಿ ಈ ಕುಟುಂಬದವರು ಯಾರೂ ಬೇರೆ ಧರ್ಮ ಸ್ವೀಕರಿಸಿರುವುದಿಲ್ಲ… ಸರಿ ತಾನೇ ಯಜಮಾನರೇ? ಸಹಿ ಹಾಕ್ತೀರಾ?”

ಅಂಜಮ್ಮನ ಎಡಗೈ ಮೇಲೆದ್ದಿತು. ನಡುಗುತ್ತ ನಡುಗುತ್ತ ಬಂದು ಲೋಟದ ಬಾಯಿಯನ್ನು ಮುಚ್ಚಿತು.

“ಅತ್ತೆ, ಯಾರಿಗೂ ಗೊತ್ತಾಗಲ್ಲ. ಬಿಂದುನೇ ಹೇಳ್ತಿದಾಳೆ.”

ಅವರು ಅಡ್ಡಡ್ಡ ತಲೆಯಾಡಿಸಿದರು. ಯಾರಿಗೂ ಗೊತ್ತಾಗದಿರಬಹುದು, ಅವರು ನಂಬಿದವನಿಗೆ ಗೊತ್ತಾಗುತ್ತದಲ್ಲ! ಈ ನೀರು ಬಿದ್ದರೆ ಅಲ್ಲಿ ಗಂಡ ಹಾಕುವ ಸಹಿ ಸುಳ್ಳಾಗುತ್ತದೆ. ಮಗಳು ಆ ಸುಳ್ಳಿನ ಮೇಲೆ ಕೂತು ಜೀವಮಾನವಿಡೀ ಹೆದರುತ್ತ ಉಣ್ಣಬೇಕು. ಬೀಳದಿದ್ದರೆ ಅದು ನಿಜ, ಮಗಳ ಅನ್ನ ನ್ಯಾಯದ ಅನ್ನ. ಅಂಜಮ್ಮ ಮಗಳನ್ನು ನೋಡಿದರು. ಕಣ್ಣಿನ ಬೆಳಕು ಹೋಗಿ ಅಲ್ಲಿ ಬರೀ ಭಯ ಉಳಿದಿತ್ತು. ಇಷ್ಟು ದಿನ ಅವರನ್ನು ಅರಚಿಸಿದ ಅದೇ ಭಯ. ಆ ಭಯದೊಳಗೇ ಬಾಯಿ ತೆರೆದು, ಲಕ್ವ ಹೊಡೆದ ಮೇಲೆ ಮೊದಲನೆಯ ಸಲ ಬೇರೆ ಮಾತಾಡಿದರು.

“ಬೇಡ.”

ಬಿಂದುಶ್ರೀ ತಾಯಿಯ ಕಾಲು ಹಿಡಿದು ಕುಸಿದಳು. ಹೊರಗೆ ದೇವಯ್ಯ ಸಹಿ ಹಾಕಿದರು.

ಅಧಿಕಾರಿ ಹೊರಟ ಮೇಲೆ ರವಿ ಕೋಣೆಗೆ ಬಂದ. ನಡೆದದ್ದನ್ನು ತಂಗಿಯ ಬಾಯಲ್ಲಿ ಕೇಳಿ ಗೋಡೆಗೆ ಹಣೆ ಚಚ್ಚಿಕೊಂಡ. “ಹೇಮಾ, ಆ ಪಾಸ್ಟರಿಗೆ ಫೋನ್ ಮಾಡು. ಬರ್ಲಿ, ಅವರೇ ಬಂದು ಹಾಕ್ಲಿ. ಬರ್ದಿದ್ದು ಆಯ್ತಲ್ಲ, ಇನ್ನು ಯಾರು ಏನಾದ್ರೂ ಅನ್ಕೊಳ್ಳಿ!” ಅಂದ. ಹೇಮಶ್ರೀ ಫೋನ್ ಮಾಡಿದಳು. ಚಿದಂಬರ ಆಟೋ ಹತ್ತಿದರು. ಮಾವಳ್ಳಿಯಿಂದ ಚಾಮರಾಜಪೇಟೆ ಎಷ್ಟು ದೂರ? ಆದರೆ ಮಿನರ್ವಾ ಸರ್ಕಲ್ಲಿನಲ್ಲಿ ಗಾಡಿಗಳು ನಿಂತಲ್ಲೇ ನಿಂತಿದ್ದವು. ಹೇಮಶ್ರೀ ಲೋಟ ಹಿಡಿದು ಕಾದಳು. ತನ್ನ ಕೈಯ ನೀರನ್ನು ಅತ್ತೆ ಬೇಡ ಅಂದಿದ್ದರು, ಸಭೆಯೂ ಒಪ್ಪುವುದಿಲ್ಲ. ಸರಿಯಾದ ಕೈ ಬರಲಿ, ಇನ್ನೈದು ನಿಮಿಷ, ಇನ್ನು ಎರಡು ನಿಮಿಷ… ಅಂತ ಬಾಗಿಲು ನೋಡುತ್ತಲೇ ಇದ್ದಳು. ಪಾಸ್ಟರು ಓಡುತ್ತ ಒಳಗೆ ಬರುವ ಹೊತ್ತಿಗೆ ಅಂಜಮ್ಮನ ಕಣ್ಣುಗಳು ಸೂರು ನೋಡುತ್ತಿದ್ದವು. ದೇವಯ್ಯ ಅವನ್ನು ಮುಚ್ಚಿದರು.

ಮಧ್ಯಾಹ್ನ ಹಿತ್ತಲಲ್ಲಿ ಮಣೆಯ ಮೇಲೆ ಕೂರಿಸಿ ಹೆಣಕ್ಕೆ ಸ್ನಾನ ಮಾಡಿಸಿದರು. ಮನೆಯವರೆಲ್ಲ ಒಬ್ಬೊಬ್ಬರಾಗಿ ತಲೆಗೆ ನೀರು ಹಾಕುವುದು ರೂಢಿ. ದೇವಯ್ಯ ಹಾಕಿದರು, ರವಿ ಹಾಕಿದ, ಬಿಂದುಶ್ರೀ ಹಾಕಿದಳು. ಬಂದ ನೆಂಟರೂ ಹಾಕಿದರು. ಹೇಮಶ್ರೀ ಮಾತ್ರ ಗೋಡೆಯ ಹತ್ತಿರ, ಪಾಸ್ಟರ್ ಚಿದಂಬರ ನಿಂತಿದ್ದಲ್ಲಿ ನಿಂತಿದ್ದಳು.

“ಈ ನೀರು ನಡೆಯುತ್ತಾ ಸಾರ್?”

“ಇಲ್ಲಮ್ಮ. ಉಸಿರಿದ್ದಾಗ ಮಾತ್ರ. ಇದು ಬರೀ ನೀರು.”

“ಹಾಗಾದ್ರೆ ನಮ್ಮತ್ತೆ ಎಲ್ಲಿಗೆ ಹೋದ್ರು?”

ಚಿದಂಬರ ಕಣ್ಣೊರೆಸಿಕೊಂಡರು. “ಮಗಳಿಗೋಸ್ಕರ ಬೇಡ ಅಂದ ತಾಯಿನ ದೇವರು ಹೊರಗೆ ನಿಲ್ಲಿಸ್ತಾನೆ ಅಂತ ನಾನು ನಂಬಲ್ಲಮ್ಮ. ಖಂಡಿತ ನಂಬಲ್ಲ.”

“ನೀವು ನಂಬದೇ ಇದ್ರೆ ಏನು ಬಂತು ಸಾರ್” ಅಂದಳು ಹೇಮಶ್ರೀ. “ಅವರು ನಂಬ್ಕೊಂಡೇ ಹೋದ್ರಲ್ಲ.”

ಆ ಕಡೆಯಿಂದ ದೇವಯ್ಯ, “ಬಾಮ್ಮ ಹೇಮಾ, ನೀನೂ ಹಾಕು. ಹೊತ್ತಾಗುತ್ತೆ” ಅಂತ ಕರೆದರು. ಹೇಮಶ್ರೀ ಸೆರಗು ಸಿಕ್ಕಿಸಿಕೊಂಡು ಹೋಗಿ, ಬಕೆಟ್ಟಿನಿಂದ ಒಂದು ಚೊಂಬು ತುಂಬಿ, ಅತ್ತೆಯ ತಲೆಗೆ ನೀರು ಹಾಕಿದಳು.